ಅವರೆ ಬಳ್ಳಿಯ ಹೇನು

ತಂಬಾಕು ನೆನೆಹಾಕಿದ ನೀರಿನ ಘಾಟು ಮೂಗಿಗೆ ಬಡಿದರೆ ಸಾಕು, ಧಾರವಾಡದ ನಮ್ಮ ಹಳೆಯ ಮನೆಯ ಹಿತ್ತಲು ಕಣ್ಣಮುಂದೆ ಬಂದು ನಿಲ್ಲುತ್ತದೆ. ಬಚ್ಚಲ ನೀರು ಹರಿದು ಹೋಗುವ ಕಡೆ ಒಂದು ಚಪ್ಪರ, ಅದರ ಮೇಲೆ ಅವರೆ ಬಳ್ಳಿ, ಕೆಳಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತ ಆಯಿ. ಆಯಿ ಎಂದರೆ ಅಪ್ಪನ ತಾಯಿ. ಆ ಅವರೆ ಆಕೆಯ ತವರೂರು ಮುಗದದ್ದು. ಮದುವೆಯಾಗಿ ಬರುವಾಗ ಬೀಜವನ್ನು ಸೆರಗಿನ ಗಂಟಿನಲ್ಲಿ ಕಟ್ಟಿ ತಂದಿದ್ದಳಂತೆ. ಪ್ರತಿವರ್ಷ ಕಾಳನ್ನು ಬೂದಿಯಲ್ಲಿ ಹೊರಳಿಸಿ ಗಡಿಗೆಯಲ್ಲಿ ಕಾಪಾಡುತ್ತಿದ್ದಳು. ತವರಿನಲ್ಲಿ ಆ ತಳಿ ಎಂದೋ ಹೋಗಿತ್ತು. ಆ ವರ್ಷ ನಮ್ಮ ಗಡಿಗೆಗೂ ನುಸಿ ಬಿದ್ದು ಉಳಿದದ್ದು ಮೂರೇ ಕಾಳು, ಮೊಳೆತದ್ದು ಒಂದೇ.

ಆಯಿಯ ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ಶಾಲೆಯಿಂದ ಬಂದೊಡನೆ ಎಲೆ ಮಗುಚಿ ಹೇನು ನೋಡುವುದು ನನ್ನ ಕೆಲಸ. ಎಳೆ ಕುಡಿಗೆ, ಎಲೆಯ ಬೆನ್ನಿಗೆ ಕರಿ ಎಳ್ಳು ಚೆಲ್ಲಿದ ಹಾಗೆ ಅಂಟಿಕೊಂಡು ರಸ ಹೀರುತ್ತಿದ್ದವು ಆ ದರಿದ್ರ ಹೇನುಗಳು. "ಇರಿವಿ ಸಾಲು ಹಿಡದು ಮ್ಯಾಲ ಹೊಂಟಾವಂದ್ರ ಅಲ್ಲಿ ಹೇನು ಅದಾವಂತನ ತಿಳಿ," ಎನ್ನುತ್ತಿದ್ದಳು ಆಯಿ. ನಾನು ತೋರಿಸಿದ ಕಡೆ ಸಾಬೂನು ಕಲಸಿದ ತಂಬಾಕಿನ ನೀರನ್ನು ಅರಿವೆಯಿಂದ ಮೆಲ್ಲಗೆ ಸವರುವಳು. ಹೇನು ತಿನ್ನುವ ಕೆಂಪು ಗುಲಗಂಜಿ ಹುಳ ಇದೆಯೆಂದರೆ ಮಾತ್ರ, "ಅದನ್ನ ಮುಟ್ಟಬ್ಯಾಡ, ಅದು ನಮ್ಮ ಕಡೀದು," ಎಂದು ನಗುವಳು.

ಬಳ್ಳಿ ಹೂಬಿಡುವ ಹೊತ್ತಿಗೆ ಓಣಿಯಲ್ಲಿ ನಮಗೆಲ್ಲ ಕುಂಟೆಬಿಲ್ಲೆಯ ಹುಚ್ಚು ಹಿಡಿಯಿತು. ಗೆಳತಿಯರು ಬಾಗಿಲಲ್ಲೇ ಕಾಯುತ್ತಿದ್ದರು. "ಹೇನು ಅದಾವೇನ ನೋಡವಾ," ಎಂದಳು ಆಯಿ. ಒಂದೆಲೆಯನ್ನೂ ಮಗುಚದೆ, "ಇಲ್ಲ ಆಯಿ," ಎಂದೆ. "ಖರೇ?" "ಖರೇನ ಆಯಿ." ಅಷ್ಟೇ ಸಾಕಾಯಿತು ಆಕೆಗೆ. ಹತ್ತು ಹನ್ನೆರಡು ದಿನ ಅದೇ ಸುಳ್ಳು ನಡೆಯಿತು. ಆಮೇಲೊಂದು ದಿನ ತಲೆಯೆತ್ತಿ ನೋಡುತ್ತೇನೆ, ಕುಡಿಯೆಲ್ಲ ಮುರುಟಿ ಕಪ್ಪಾಗಿದ್ದವು, ಹೂವೆಲ್ಲ ನೆಲದಲ್ಲಿದ್ದವು. ಆಯಿ ಒಂದೆಲೆ ಸವರಿದಳು. ಬೆರಳಿಗೆ ಹತ್ತಿದ ಹೇನಿನ ಜಿಗುಟನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೋಡಿದಳು. ಅಷ್ಟರಲ್ಲಿ ಅಪ್ಪ ಬಂದು, "ಬಳ್ಳಿ ಯಾಕ ಹಿಂಗಾತು ಯವ್ವಾ?" ಎಂದು ಕೇಳಿದ. "ನನಗ ಕಣ್ಣು ಕಾಣಂಗಿಲ್ಲಪಾ. ಯಾರೇನ ಮಾಡ್ಯಾರು," ಎಂದಳು. ನನ್ನ ಕಡೆ ತಿರುಗಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದೇ ಮಾತು ಹಿಡಿದು ಅಪ್ಪ ಆಕೆಯನ್ನು ಸತ್ತೂರಿನ ಆಸ್ಪತ್ರೆಗೆ ಕರೆದೊಯ್ದು ಪೊರೆ ತೆಗೆಸಿದ. ಆಯಿಗೆ ಕಣ್ಣು ಬಂತು, ಆದರೆ ಬಳ್ಳಿ ಒಂದು ಕಾಯಿಯನ್ನೂ ಕಟ್ಟದೆ ಒಣಗಿಹೋಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಆಕೆ ಖಾಲಿ ಚಪ್ಪರದ ಕೆಳಗೆ ಸುಮ್ಮನೆ ನಿಂತಿದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಮತ್ತೆಂದೂ ಆಕೆ ಅವರೆ ಹಾಕಲಿಲ್ಲ, ನನ್ನನ್ನು ಏನೂ ಕೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ನಾನು ದೊಡ್ಡವಳಾದೆ. ಹೇಳುವ ಮೊದಲೇ ಆಯಿ ಹೋದಳು. ಆ ಮನೆಯೂ ಈಗಿಲ್ಲ.

ಈಗ ನನ್ನ ಮಾಳಿಗೆಯ ಮೇಲೊಂದು ಕುಂಡದಲ್ಲಿ ಅವರೆ ಬಳ್ಳಿಯಿದೆ, ಪೇಟೆಯಿಂದ ತಂದ ಬೀಜದ್ದು. ಇವತ್ತು ಬೆಳಿಗ್ಗೆ ಕುಂಡದ ಅಂಚಿನಲ್ಲಿ ಇರುವೆ ಸಾಲು ಕಂಡಿತು. ಕನ್ನಡಕ ಏರಿಸಿಕೊಂಡು ಎಲೆ ಮಗುಚಿ ನೋಡಿದೆ. ಯಾರೂ ಕೇಳಿರಲಿಲ್ಲ. ಆದರೂ ಬಾಯಿಂದ ಮಾತು ಬಂದುಬಿಟ್ಟಿತು.

"ಅದಾವ ಆಯಿ. ಭಾಳ ಅದಾವ."