ಅವ್ವ ತಡೆದ ಮಣ್ಣು

ಆಗ ಮೈಸೂರಿನಲ್ಲಿ ದೊರೆಗಳ ಆಳ್ವಿಕೆ. ಬಿಳಿಗೆರೆ ಕಡೆಯ ನಮ್ಮಂಥ ಹಳ್ಳಿಯ ಮಕ್ಕಳಿಗೆ ಪೇಟೆಯ ಆಟಿಕೆ ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಮಣ್ಣೇ ನಮ್ಮ ಆಟಿಕೆ. ಯಾವ ಮಣ್ಣಿನಲ್ಲಿ ಮಾಡಿದ ಎತ್ತಿಗೆ ಕೊಂಬು ನಿಲ್ಲುತ್ತದೆ, ಯಾವುದರಲ್ಲಿ ಉದುರಿಬೀಳುತ್ತದೆ ಎನ್ನುವುದು ನನ್ನ ವಯಸ್ಸಿನವರ ಬೆರಳುಗಳಿಗೆ ಈಗಲೂ ಮರೆತಿರಲಿಕ್ಕಿಲ್ಲ.

ನಮ್ಮೂರ ಗುಡ್ಡದ ನೆತ್ತಿಯಲ್ಲಿ ದಪ್ಪ ಕಲ್ಲುಗಳ ನಡುವೆ ಬರೀ ನೊರಜುಗಲ್ಲು. ಹಿಡಿದರೆ ಅಂಗೈಗೆ ಚುಚ್ಚಿ ಜಾರಿಹೋಗುತ್ತಿತ್ತು. ಇಳಿಜಾರಿನಲ್ಲಿ ಕೆಮ್ಮಣ್ಣು; ನೆನೆದರೆ ಉಂಡೆ, ಒಣಗಿದರೆ ಪುಡಿ. ಮಳೆ ಹೊಡೆದಾಗಲೆಲ್ಲ ಅದರ ನುಣುಪು ಭಾಗ ತೊಳೆದು ಬುಡಕ್ಕಿಳಿದು, ತರಗೆಲೆ ಗೊಬ್ಬರದ ಜೊತೆ ಕೂಡಿ, ಬೆಣ್ಣೆಯಂಥ ಕಪ್ಪು ಮೆಕ್ಕಲು ಮಣ್ಣಾಗುತ್ತಿತ್ತು. ಆ ಬುಡದ ಹೊಲವನ್ನು ಹದ ಮಾಡಿದವನು ನಮ್ಮಪ್ಪ. ಅಪ್ಪ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ದೊಡ್ಡಪ್ಪ ಪಾಲು ಮಾಡಿದ: ಬುಡದ ಹೊಲ ತನಗೆ, ಇಳಿಜಾರು ನಮಗೆ.

ಪಾಲಾದ ವರ್ಷದ ಬೇಸಿಗೆಯಲ್ಲಿ ಒಂದು ದಿನ ನಾನೂ ದೊಡ್ಡಪ್ಪನ ಮಗಳು ನಿಂಗಿಯೂ ಅವರ ಹೊಲದ ಅಂಚಿನಲ್ಲಿ ಕೂತು ಎತ್ತು ಮಾಡುತ್ತಿದ್ದೆವು. ಅವಳು ನನ್ನ ಜೀವದ ಗೆಳತಿ. ದೊಡ್ಡಪ್ಪ ಬಂದವನೇ ನನ್ನ ಕೈಗೆ ಹೊಡೆದು, ಬಿದ್ದ ಎತ್ತನ್ನು ತುಳಿದ.

“ಈ ಮಣ್ಣು ನಮ್ದು ಕಣಮ್ಮಿ. ನಿಮ್ದು ಮ್ಯಾಲದೆ, ಓಗು.”

ಅವ್ವ ಒಲೆಯ ಮೇಲೆ ಹುರುಳಿ ಸಾರು ಕುದಿಯಲು ಬಿಟ್ಟು, ಅಳುತ್ತಿದ್ದ ನನ್ನನ್ನು ಎಳೆದುಕೊಂಡೇ ಹೊಲಕ್ಕೆ ಬಂದಳು.

“ಬಾವ, ಒಂದ್ ಇಡಿ ಮಣ್ಣು ಮುಟ್ಟುದ್ಕೆ ಮಗೀನ್ ಮ್ಯಾಲೆ ಕೈ ಮಾಡುದ್ರಾ?”

ದೊಡ್ಡಪ್ಪ ನಕ್ಕ. “ನಿನ್ ಒಲ್ದ ಸಾರ ಎಲ್ಲಾ ಮಳೆ ಬಂದಾಗ ನನ್ ಒಲಕ್ಕೇ ಬತ್ತದೆ ಕಣಮ್ಮಿ. ನೀನು ಉತ್ರೂ ನಂಗೇ, ಗೊಬ್ರ ಆಕುದ್ರೂ ನಂಗೇ. ಚೆನ್ನಾಗಿ ದುಡಿ.”

ಅವ್ವ ನನ್ನ ಕೈ ಹಿಡಿದು ತಿರುಗಿದಳು. ಗುಡ್ಡ ಹತ್ತುವಾಗ, “ಇನ್ನು ಒಂದು ಇಡಿ ಮಣ್ಣೂ ಕೆಳಕ್ಕಿಳೀಕೂಡ್ದು” ಎಂದಳು.

ಮರುದಿನ ಬೆಳಿಗ್ಗೆಯಿಂದಲೇ ಕಲ್ಲಿನ ಕೆಲಸ ಶುರುವಾಯಿತು. ನೆತ್ತಿಯ ಕಲ್ಲುಗಳನ್ನು ಉರುಳಿಸಿ ತಂದು, ಇಳಿಜಾರಿಗೆ ಅಡ್ಡಲಾಗಿ ಒಡ್ಡು ಕಟ್ಟಿದಳು. ಸಂದುಗಳಿಗೆ ಚೂರುಗಲ್ಲು ತುರುಕುವುದು ನನ್ನ ಪಾಲಿನ ಕೆಲಸ. ಹಸಿವಾದರೆ ರಾಗಿ ಅಂಬಲಿ, ಬೆರಳು ಒಡೆದರೆ ಹರಳೆಣ್ಣೆ. ಒಡ್ಡಿನುದ್ದಕ್ಕೂ ಕತ್ತಾಳೆ ನೆಟ್ಟೆವು. ಊರವರು ಅವ್ವನಿಗೆ ತಲೆ ಕೆಟ್ಟಿದೆ ಎಂದರು. ಒಂದು ಕೊರಕಲನ್ನು ಮಾತ್ರ ಅವಳು ತಡೆಯಲಿಲ್ಲ. ನೆತ್ತಿಯ ನೊರಜನ್ನು ಹೊತ್ತು ತರುವ ಆ ಕೊರಕಲು ನಮ್ಮ ಹೊಲದ ಮೇಲೇ ಹಾಯುತ್ತಿತ್ತು. ಅದನ್ನು ಪಕ್ಕಕ್ಕೆ ತಿರುವಿ, ಬಾಯಿಯನ್ನು ನೇರ ದೊಡ್ಡಪ್ಪನ ಹೊಲಕ್ಕೆ ಬಿಟ್ಟಳು.

ಮುಂಗಾರು ಬಿತ್ತು. ಕಾದ ಮಣ್ಣಿನ ಘಮ ಏಳುತ್ತಿದ್ದಂತೆ ನಾನೂ ಅವ್ವನೂ ಒಂದೇ ಕಂಬಳಿಯ ಕೊಪ್ಪೆ ಹೊದ್ದು ಓಡಿದೆವು. ಕೆಂಪು ನೀರು ಒಡ್ಡಿಗೆ ಬಡಿದು, ಸುತ್ತಿ, ನಿಂತಿತು. ಕಲ್ಲಿನ ಸಂದಿನಿಂದ ಆಚೆಗೆ ಇಳಿದದ್ದು ಬರೀ ತಿಳಿನೀರು. ಅವ್ವ ಅದನ್ನು ಬೊಗಸೆಯಲ್ಲಿ ಎತ್ತಿ ನೋಡಿ, ಗಟ್ಟಿಯಾಗಿ ನಕ್ಕಳು. ಅಪ್ಪ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ನಗು ನೋಡಲು ಚೆಂದವಿರಲಿಲ್ಲ. ನಾನೂ ನಕ್ಕೆ.

ಕೆಲವು ಮಳೆಗಾಲ ಕಳೆಯುವುದರಲ್ಲಿ ನಮ್ಮ ಒಡ್ಡಿನ ಹಿಂದೆ ಮಣ್ಣು ತುಂಬಿ, ರಾಗಿ ತೆನೆ ಮಗುವಿನ ಮುಷ್ಟಿಯಂತೆ ಮಡಚಿಕೊಂಡಿತು. ದೊಡ್ಡಪ್ಪನ ಹೊಲಕ್ಕೆ ಹೊಸ ಮಣ್ಣು ಬರಲಿಲ್ಲ, ಬಂದದ್ದು ನೊರಜು. ನೇಗಿಲು ಇಟ್ಟರೆ ಕರಕರ ಸದ್ದು ನಮಗೆ ಮೇಲಿನವರೆಗೂ ಕೇಳುತ್ತಿತ್ತು. ಅವ್ವ ಆ ಸದ್ದಿಗೆ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಕೊನೆಗೊಂದು ದಿನ ಅವನು ಮೇಲೆ ಬಂದ. ಹೆಗಲ ಮೇಲಿನ ಟವಲು ತೆಗೆದು ಕೈ ಮುಗಿದ.

“ತಾಯಿ, ಆ ಕೊರಕಲ ಬಾಯನ್ನಾದ್ರೂ ಮುಚ್ಚು. ಒಲ ಸತ್ತೋಯ್ತಾ ಅದೆ.”

ಅವ್ವ ಕಳೆ ಕೀಳುತ್ತಿದ್ದವಳು ಏಳಲಿಲ್ಲ. “ಪಾಲ್ ಮಾಡ್ದಾಗ ನಾನೂ ಇಂಗೇ ಕೈ ಮುಗ್ದು ನಿಂತಿದ್ದೆ ಬಾವ. ನೀವು ಕುಂತಿದ್ರಿ.”

ಅವನು ಇಳಿದುಹೋಗುವುದನ್ನು ನೋಡುತ್ತಿದ್ದ ನನ್ನ ಬಾಯಿ ಬೆಲ್ಲ ತಿಂದಂತೆ ಸಿಹಿಯಾಗಿತ್ತು. ಸುಳ್ಳೇಕೆ ಹೇಳಲಿ? ಆಮೇಲೆ ಅವನು ಹೊಲವನ್ನು ಸಿಕ್ಕಷ್ಟಕ್ಕೆ ಮಾರಿ, ಹೆಂಡತಿಯ ಊರಾದ ಮೂಗೂರಿಗೆ ಸಂಸಾರ ಕಟ್ಟಿಕೊಂಡು ಹೋದ. ಗಾಡಿಯ ಹಿಂದೆ ಕೂತಿದ್ದ ನಿಂಗಿ ನಮ್ಮ ಬಾಗಿಲ ಕಡೆ ತಿರುಗಿ ನೋಡಿದಳು. ಅವ್ವ ನನ್ನ ತೋಳು ಹಿಡಿದಿದ್ದಳು. ನಾನು ಕೈ ಬೀಸಲಿಲ್ಲ.

ಮೊನ್ನೆ ಅಲ್ಲಿಗೆ ಹೋಗಿದ್ದೆ. ಅವ್ವ ಹೋಗಿ ಎಷ್ಟೋ ಕಾಲವಾಯಿತು. ಒಡ್ಡಿನ ಕಲ್ಲುಗಳನ್ನು ಯಾರೋ ರಸ್ತೆ ಕೆಲಸಕ್ಕೆ ಹೊತ್ತೊಯ್ದಿದ್ದಾರೆ. ತಡೆದಿಟ್ಟ ಮಣ್ಣೆಲ್ಲ ಹಳ್ಳ ಹಿಡಿದು ಕಪಿಲೆಗೆ ಸೇರಿಹೋಗಿದೆ. ಈಗ ಮೇಲೂ ನೊರಜು, ಕೆಳಗೂ ನೊರಜು. ಯಾರು ಗೆದ್ದವರೆಂದು ನೋಡಿದವರಿಗೆ ತಿಳಿಯುವುದಿಲ್ಲ.

ದೊಡ್ಡಪ್ಪನ ಬಗ್ಗೆ ನನಗೆ ಇಂದಿಗೂ ಮರುಕ ಹುಟ್ಟಿಲ್ಲ. ಆದರೆ ಮೂಗೂರಿನವರು ಯಾರಾದರೂ ಎದುರಾದರೆ, ನಿಂಗಿ ಇದ್ದಾಳೆಯೇ ಎಂದು ಕೇಳಬೇಕೆನ್ನಿಸುತ್ತದೆ. ಬಾಯಿ ಬರುವುದಿಲ್ಲ.