ಸ್ಟುಡಿಯೋದವರು ತೆಗೆದ ಹಿಮದ ಬೆಟ್ಟ

ಮೊನ್ನೆ ನಿಮ್ಮಮ್ಮ ಅಡುಗೆಮನೆಯಲ್ಲಿ ವಿನೆಗರ್ ಬಾಟಲಿಯ ಮುಚ್ಚಳ ತೆಗೆದಾಗ, ಆ ಹುಳಿ ವಾಸನೆಗೆ ನಾನು ಒಂದು ಗಳಿಗೆ ಹಾಗೇ ನಿಂತುಬಿಟ್ಟೆ. ಮಾಗಡಿಯ ಫೋಟೋ ಸ್ಟುಡಿಯೋದವರ ಬೆರಳುಗಳಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು. ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುವ ನೀರಿನದಂತೆ ಅದು. ಅವರು ಕಾಫಿ ಕುಡಿದಿಟ್ಟ ಲೋಟಕ್ಕೂ ಅಂಟಿರುತ್ತಿತ್ತು...

ಅವರ ಸ್ಟುಡಿಯೋದಲ್ಲಿ ಹಿಮದ ಬೆಟ್ಟ ಬರೆದ ದೊಡ್ಡ ಪರದೆಯೊಂದಿತ್ತು. ಸುತ್ತಲಿನ ಹಳ್ಳಿಗಳ ಹೊಸ ಜೋಡಿಗಳೆಲ್ಲ ಅದರ ಮುಂದೆ ಬೆವರುತ್ತಾ ನಿಂತು ಫೋಟೋ ತೆಗೆಸಿಕೊಂಡವರೇ. ಸ್ಟುಡಿಯೋದವರು ಮಾತ್ರ ಹಿಮ ಕಂಡವರಲ್ಲ. ಚಳಿಗಾಲ ಬಂತೆಂದರೆ, ಮದುವೆಯ ರೀಲಿನಲ್ಲಿ ನಾಲ್ಕೈದು ಫೋಟೋಗಳಷ್ಟು ಆಕಾಶಕ್ಕೆಂದೇ ಉಳಿಸಿಕೊಂಡು, ಸೂರ್ಯ ಹುಟ್ಟುವ ಮೊದಲೇ ಸೈಕಲ್ಲಿನಲ್ಲಿ ನಮ್ಮೂರು ಕಲ್ಯಕ್ಕೆ ಬರುತ್ತಿದ್ದರು. ಮನೆಯ ಹಿಂದಿನ ಬಂಡೆ ಹತ್ತಿ ನಿಂತರೆ ಹೊಲ, ತೆಂಗಿನ ತೋಟ ಯಾವುದೂ ಕಾಣುತ್ತಿರಲಿಲ್ಲ. ಬೆಳ್ಳಗೆ ಮಂಜು, ಅದರ ಮೇಲೆ ಗುಡ್ಡಗಳ ತಲೆಗಳು. ನಿಮ್ಮ ತಾತ ಅವರ ಕ್ಯಾಮೆರಾ ಸ್ಟ್ಯಾಂಡು ಹೊತ್ತು ಜೊತೆಗೆ ಹೋಗುತ್ತಿದ್ದರು.

"ಹಿಮಾಲಯ ನಿಮ್ಮ ಹಿತ್ಲಲ್ಲೇ ಐತೆ ಕಣವ್ವ," ಎನ್ನುತ್ತಿದ್ದರು ಸ್ಟುಡಿಯೋದವರು, ಇಳಿದು ಬಂದು.

"ಸರಿ ಬುಡಿ, ಹಿಮಾಲಯದಲ್ಲಿ ಕುಂತ್ರೆ ಎಮ್ಮೆ ಹಾಲು ಕರೆಯೋರ್ಯಾರು?" ಎಂದು ತಾತ ನಗುತ್ತಿದ್ದರು.

ನಮ್ಮಿಬ್ಬರ ಫೋಟೋ ತೆಗೆಯುತ್ತೇನೆಂದರೆ ನಾನು ಬಾಗಿಲ ಹಿಂದೆ ಸರಿಯುತ್ತಿದ್ದೆ. ತಾತ, "ಈ ಮೂತಿಗ್ಯಾಕೆ ರೀಲು ದಂಡ ಮಾಡೀರಿ?" ಎಂದು ತಳ್ಳಿಹಾಕುತ್ತಿದ್ದರು.

ನಿಮ್ಮಪ್ಪನಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ರಾಗಿ ಹೊಲದಲ್ಲಿ ಎದೆ ಹಿಡಿದುಕೊಂಡು ಕುಸಿದ ತಾತ ಮತ್ತೆ ಏಳಲಿಲ್ಲ... ಹನ್ನೊಂದನೆಯ ದಿನದ ತಿಥಿಗೆ ಹಾರ ಹಾಕಲು ಮನೆಯಲ್ಲಿ ಅವರದೊಂದು ಫೋಟೋ ಕೂಡ ಇರಲಿಲ್ಲ. ನನಗೆ ಹಾರದ ಚಿಂತೆಯಲ್ಲ. ಮಗು ದೊಡ್ಡದಾಗಿ ಅಪ್ಪ ಹೇಗಿದ್ದ ಎಂದು ಕೇಳಿದರೆ ಏನು ತೋರಿಸಲಿ?

ಮೈದುನ ಸ್ಟುಡಿಯೋಗೆ ಓಡಿದ. ಅಲ್ಲಿದ್ದದ್ದು ಒಂದೇ. ಬಂಡೆ ಎಷ್ಟು ದೊಡ್ಡದೆಂದು ತೋರಲಿ ಎಂದು ಒಮ್ಮೆ ತಾತನನ್ನು ಅದರ ತುದಿಯಲ್ಲಿ ನಿಲ್ಲಿಸಿದ್ದರಂತೆ. ಸ್ಟುಡಿಯೋದವರು ಆ ಮುಖವನ್ನು ದೊಡ್ಡದು ಮಾಡಿ, ಕಾಣದ ಕಡೆ ಪೆನ್ಸಿಲಿನಿಂದ ತಿದ್ದಿ, ತೀರಿಕೊಂಡ ಗಂಡಸರಿಗೆಲ್ಲ ಮಾಡುತ್ತಿದ್ದಂತೆ ಕೋಟು ತೊಡಿಸಿ ತಂದರು.

"ನೋಡವ್ವ, ಅಣ್ಣ ತಾಸೀಲ್ದಾರ್ರು ಇದ್ದಂಗವ್ನೆ!" ಎಂದ ಮೈದುನ. ಅತ್ತೆ ಕಣ್ಣೊರೆಸಿಕೊಂಡರು.

ಹಿರಿಯರ ಮುಂದೆ ಎಂದೂ ಬಾಯಿ ಬಿಡದ ನಾನು ಬಾಗಿಲ ಹಿಂದಿನಿಂದ, "ಇದು ಅವ್ರಲ್ಲ," ಎಂದೆ.

ಸ್ಟುಡಿಯೋದವರು ತಲೆ ತಗ್ಗಿಸಿದರು. "ತೆಗೆದಿದ್ರಲ್ಲಿ ಮುಖ ಸರಿಯಾಗಿ ಬಿದ್ದಿಲ್ಲ ಕಣವ್ವ. ಮಂಜು ಮುಚ್ಕಂಡೈತೆ."

"ಇರ್ಲಿ. ಅದನ್ನೇ ಕೊಡಿ."

ಮಾರನೆಯ ದಿನ ತಂದುಕೊಟ್ಟರು. ಬೆಳ್ಳನೆಯ ಮಂಜು, ಆಚೆ ಗುಡ್ಡ, ಬಂಡೆಯ ತುದಿಯಲ್ಲಿ ತಲೆಗೆ ಟವಲು ಸುತ್ತಿಕೊಂಡ ಹೆಬ್ಬೆರಳಿನಷ್ಟು ಮನುಷ್ಯ. ಒಂದು ಕಾಲಿಗೆ ಭಾರ ಬಿಟ್ಟು ನಿಂತ ರೀತಿ ಸಾಕಾಯಿತು ನನಗೆ. ಕೋಟಿನ ಚಿತ್ರವನ್ನು ಅವರು ತಮ್ಮ ಚೀಲಕ್ಕೆ ಹಾಕಿಕೊಂಡರು.

"ಅವತ್ತು ನಾನು ಬೆಟ್ಟ ನೋಡ್ತಿದ್ದೆ ಕಣವ್ವ. ಮನುಸನ್ನ ನೋಡ್ದೆ ಹೋದೆ," ಎಂದರು.

ನಾನು ಫೋಟೋ ತೆಗೆದುಕೊಂಡು ಒಳಗೆ ಹೋದೆ. ಕಾಫಿ ಬೇಕೇ ಎಂದೂ ಕೇಳಲಿಲ್ಲ. ಆಮೇಲೆ ಅವರು ನಮ್ಮ ಬಂಡೆಗೆ ಬರುವುದನ್ನೇ ಬಿಟ್ಟರು...

ಆ ಸ್ಟುಡಿಯೋ ಈಗಿಲ್ಲ. ಅವರು ತೀರಿಕೊಂಡದ್ದು ನನ್ನ ಕಿವಿಗೆ ಬಿದ್ದದ್ದೂ ಎಷ್ಟೋ ತಿಂಗಳಾದ ಮೇಲೆ. ನಡುಮನೆಯ ಗೋಡೆಯ ಮೇಲಿರುವುದು ಅದೇ ಮಂಜಿನ ಚಿತ್ರ. "ಅಜ್ಜಿ, ತಾತ ಕಾಶ್ಮೀರಕ್ಕೆ ಹೋಗಿದ್ರಾ?" ಎಂದು ನೀವು ಕೇಳಿದ್ದು ಅದನ್ನು ನೋಡಿಯೇ. ಬಹಳ ವರ್ಷ ಆ ಬಿಳುಪಿನಲ್ಲಿ ಅವರ ಮುಖವನ್ನು ನಾನೇ ತುಂಬಿಕೊಳ್ಳುತ್ತಿದ್ದೆ. ಈಚೆಗೆ ಎಷ್ಟು ಹತ್ತಿರ ನಿಂತರೂ ಆಗುತ್ತಿಲ್ಲ ಮಕ್ಕಳೇ. ಮೂಗು ನೆನಪಾದರೆ ಕಣ್ಣು ನೆನಪಾಗದು. ನಿಮ್ಮಪ್ಪನಿಗೆ ಇದನ್ನು ಹೇಳಿಲ್ಲ. ಆ ಕೋಟಿನ ಚಿತ್ರವನ್ನು ಒಮ್ಮೆ ನೋಡಬೇಕೆನಿಸುತ್ತದೆ. ಅದರಲ್ಲಿ ಅರ್ಧವಾದರೂ ಅವರ ಮುಖವಿತ್ತು. ಸ್ಟುಡಿಯೋದವರು ಅದನ್ನು ಹರಿದು ಹಾಕಿದರೋ, ಎಲ್ಲಾದರೂ ಇಟ್ಟಿದ್ದರೋ... ಕೇಳೋಣವೆಂದರೆ ಅವರೂ ಇಲ್ಲ.