ಪುರಾಣ ನಿಲ್ಲಿಸಬಾರದ ಜಾಗ

ಇವತ್ತು ಸಿಂಧನೂರಿನಲ್ಲಿ ನಾನು ಪಾಠ ಮಾಡುವ ತರಗತಿಯಲ್ಲಿ, ಮೊದಲ ಗಂಡು ಹೆಣ್ಣು ದೇವರು ಬೇಡವೆಂದ ಹಣ್ಣು ತಿಂದು ತೋಟದಿಂದ ಹೊರಬೀಳುವ ಆ ಹಳೆಯ ಇಂಗ್ಲಿಷ್ ಮಹಾಕಾವ್ಯದ ಕೊನೆಯ ಪುಟ ತೆರೆದಾಗ ಒಂದಿಷ್ಟು ವಿಭೂತಿ ಮೇಜಿನ ಮೇಲೆ ಉದುರಿತು. ನನ್ನದಲ್ಲ, ಪುಸ್ತಕ ಕೊಟ್ಟ ಗುರುಗಳ ಬೆರಳಿನದು.

ಮಸ್ಕಿಯ ಅವರ ಮನೆತನ ಶ್ರಾವಣದಲ್ಲಿ ಮಠದೊಳಗೆ ಪುರಾಣ ಹೇಳುವವರದು. ಲಿಂಗಸುಗೂರಿನಲ್ಲಿ ನಮಗೆ ಇಂಗ್ಲಿಷ್ ಕಲಿಸುವಾಗಲೂ ಅದೇ ಪದ್ಧತಿ: ಒಂದು ಸಾಲು ರಾಗವಾಗಿ ಓದುವುದು, ಅರ್ಥ ಬಿಡಿಸುವುದು, ದುಃಖದ ಜಾಗದಲ್ಲಿ ಪುಸ್ತಕ ಮುಚ್ಚದೆ ಕೊನೆಯ ಮಂಗಳದ ತನಕ ಓದುವುದು. ಮುಂದೆ ವಿಶ್ವವಿದ್ಯಾಲಯ ಮುಗಿಸಿ ಬಂದ ನಾನು, ದೇವರ ವಿರುದ್ಧ ದಂಗೆ ಎದ್ದ ದೇವದೂತನೇ ಕಾವ್ಯದ ನಾಯಕ ಎಂದು ಅವರ ಪಡಸಾಲೆಯಲ್ಲಿ ಕುಳಿತು ಭಾಷಣ ಬಿಗಿದೆ. ಹೊಸ ಪದವಿಯ ಬಿಸಿ, ಓದುಗರೇ.

“ಅವನ ಮಾತು ಭಾಳ ಛಲೋ ಅದಾವ ತಮ್ಮಾ, ಖರೆ,” ಎಂದರು. “ಆದ್ರ ಮನಿ ಕಳಕೊಂಡವ್ರು ಆ ಗಂಡ ಹೆಂಡ್ತಿ. ಕೈ ಕೈ ಹಿಡಕೊಂಡು ತೋಟ ಬಿಟ್ಟು ಹೋಗ್ತಾರ ನೋಡು, ಅದ ಮಂಗಳ.”

ಅಡುಗೆಮನೆಯಿಂದ ಗುರುಗಳ ಹೆಂಡತಿಯ ದನಿ, ನಾವೆಲ್ಲ ಅಮ್ಮ ಎನ್ನುತ್ತಿದ್ದವರದು: “ಹಣ್ಣು ತಿಂದಾಕಿನ್ನ ಬೈದು ಮುಗೀತೇನ್ರಿ? ರೊಟ್ಟಿ ಆರಾಕತ್ತಾವ.”

ಕಳೆದ ವರ್ಷ ಅಮ್ಮ ತೀರಿಕೊಂಡರು. ಮಾತಾಡಿಸಲು ಹೋದಾಗ ಗುರುಗಳು, ಕಣ್ಣು ಮಂಜಾಗಿದೆ, ಕೊನೆಯ ಭಾಗ ಓದು ಎಂದರು. ದೇವರು ಕಳಿಸಿದ ಇನ್ನೊಬ್ಬ ದೇವದೂತ ಇಬ್ಬರನ್ನೂ ತೋಟದ ಬಾಗಿಲ ತನಕ ಕರೆತಂದ. ಮುಂದಿನದು ಕೈ ಹಿಡಿಯುವ ಸಾಲು. ನಾನು ಪುಸ್ತಕ ಮುಚ್ಚಹೋದೆ.

“ಇಲ್ಲಿಗೆ ಸಾಕ್ರಿ ಸರ್.”

“ಅಳೂ ಜಾಗಾದಾಗ ಪುರಾಣ ನಿಲ್ಲಸ್ತಾರೇನಲೇ? ಓದು.”

ಓದಿದೆ. ಅವರು ಎಷ್ಟೋ ಹೊತ್ತು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದರು.

“ಇಷ್ಟು ವರ್ಷ ಅರ್ಧಾ ಅರ್ಥ ಹೇಳೀನಿ. ಹಣ್ಣು ತಿಂದ ದಿನಾನ ಸಾವು ಒಳಗ ಬಂದಿತ್ತಲ್ಲ? ಅದೂ ಅವರ ಬೆನ್ನಿಗೆ ಹೊಂಟೈತಿ. ಇಬ್ಬರಲ್ಲೋ, ಮೂವರು.”

“ಹಂಗಾದ್ರ ಅದು ಮಂಗಳ ಅಲ್ಲೇನ್ರಿ?”

“ಮಂಗಳನ. ಬೆನ್ನಿಗೇನೈತಿ ಅಂತ ಗೊತ್ತಿದ್ದೂ ಕೈ ಹಿಡದಾರಲ್ಲ.”

ಪುಸ್ತಕ ನನಗೇ ಕೊಟ್ಟು ಕಳಿಸಿದರು. ಮೂವರು ಎಂದು ಅವರು ಹೀಗೇ ಅಂದರೋ, ಹಿಂದಿರುಗುವ ಬಸ್ಸಿನಲ್ಲಿ ಆ ಮಾತನ್ನು ನಾನೇ ತಿದ್ದಿ ತೀಡಿಕೊಂಡೆನೋ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅವರು ನೋಡುತ್ತಿದ್ದ ಆ ಬಾಗಿಲು ಮಾತ್ರ ನಿಜ.

ಇವತ್ತು ಅದೇ ಸಾಲಿಗೆ ಬಂದಾಗ ಗಂಟೆ ಹೊಡೆಯಿತು. ಹುಡುಗರು ಬಸ್ಸಿಗೆಂದು ಚೀಲ ಹೆಗಲಿಗೇರಿಸಿದ್ದರು. ನಾನು ನಿಲ್ಲಿಸಲಿಲ್ಲ. ಓದಿ ಮುಗಿಸಿ, ತೋಟದಿಂದ ಎಷ್ಟು ಮಂದಿ ಹೊರಟರು ಎಂದು ಕೇಳಿದೆ.

“ಇಬ್ಬರ ರೀ ಸರ್,” ಎಂದಳು ಆರ್.ಎಚ್. ಕ್ಯಾಂಪಿನ, ಊರು ಬಿಟ್ಟು ಬಂದ ಬಂಗಾಳಿ ನಿರಾಶ್ರಿತರ ಮನೆತನದ ಹುಡುಗಿ, ಇದೂ ಒಂದು ಪ್ರಶ್ನೆಯೇ ಎಂಬಂತೆ ಗೆಳತಿಯ ಕಡೆ ನೋಡಿ.

ಸದ್ಯಕ್ಕೆ ಅರ್ಧ ಅರ್ಥವೇ ಸಾಕೆಂದು, ಹೌದು ಎಂದೆ. ಮೇಜಿನ ಮೇಲಿನ ವಿಭೂತಿಯನ್ನು ಬೆರಳಿನಿಂದ ಒತ್ತಿ ತೆಗೆದು, ಅದೇ ಪುಟದಲ್ಲಿಟ್ಟು ಪುಸ್ತಕ ಮುಚ್ಚಿದೆ.